ಕಳೆದುಹೋದ ಚಿನ್ನದ ಒಡವೆ ಹುಡುಕಲು ಎಷ್ಟು ಕಿಲೋಹರ್ಟ್ಜ್ ಬೇಕು?

2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಅಪರಂಜಿ ಚಿನ್ನದ ಬೆಲೆ ಮೊದಲ ಬಾರಿಗೆ ಒಂದು ಲಕ್ಷ ರೂಪಾಯಿ ದಾಟಿತು. ಮಲ್ಪೆಯ ಅಥವಾ ಮುರುಡೇಶ್ವರದ ಕಡಲಿನಲ್ಲಿ ಬೆರಳಿನಿಂದ ಜಾರಿದ ಉಂಗುರವಾಗಲಿ, ಅಡಿಕೆ ತೋಟದಲ್ಲಿ ಸೊಪ್ಪಿನ ಹೊರೆ ಇಳಿಸುವಾಗ ಹರಿದು ಬಿದ್ದ ಸರವಾಗಲಿ, ಇನ್ನು “ಹೋದದ್ದು ಹೋಯಿತು” ಎಂದು ಬಿಟ್ಟುಬಿಡುವಷ್ಟು ಸಣ್ಣ ನಷ್ಟವಲ್ಲ. ಅರ್ಧ ಪವನಿನ ಉಂಗುರಕ್ಕೇ ಹತ್ತಾರು ಸಾವಿರ ರೂಪಾಯಿ ಬೆಲೆ. ಅದು ಮದುವೆಯ ಉಂಗುರವೋ ತಾಯಿಯ ಕರಿಮಣಿಯೋ ಆಗಿದ್ದರೆ ಆ ನಷ್ಟಕ್ಕೆ ಲೆಕ್ಕವೇ ಇಲ್ಲ. ಹೀಗೆ ಕಳೆದುಕೊಂಡವರು ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕವನ್ನು ಕೊಳ್ಳಲು ಅಥವಾ ಬಾಡಿಗೆಗೆ ತರಲು ಹೊರಟಾಗ ಎದುರಾಗುವುದು ಒಂದು ಸಂಖ್ಯೆಗಳ ಸಾಲು: 6.5 ಕಿಲೋಹರ್ಟ್ಜ್, 15, 45, 71, ಇಲ್ಲವೇ ‘ಬಹು ಆವರ್ತಾಂಕ’. ಈ ಸಂಖ್ಯೆ ಏನನ್ನು ಹೇಳುತ್ತದೆ, ಹೆಚ್ಚಿದ್ದರೆ ಒಳ್ಳೆಯದೋ ಕಡಿಮೆ ಇದ್ದರೆ ಒಳ್ಳೆಯದೋ ಎಂಬುದನ್ನು ಅಂಗಡಿಯ ವಿವರಣೆ ತಿಳಿಸುವುದಿಲ್ಲ. ಅದನ್ನು ಮೂಲದಿಂದ ತಿಳಿದುಕೊಂಡರೆ ಆಯ್ಕೆ ಸುಲಭವಾಗುತ್ತದೆ.

ಯಂತ್ರದೊಳಗೆ ನಡೆಯುವುದೇನು?

ಲೋಹಶೋಧಕದ ಕೋಲಿನ ತುದಿಯಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಮೊದಲನೆಯದರಲ್ಲಿ ವಿದ್ಯುತ್ತು ಒಮ್ಮೆ ಆ ಕಡೆಗೆ, ಒಮ್ಮೆ ಈ ಕಡೆಗೆ ಹರಿಯುತ್ತಿರುತ್ತದೆ. ಅದರಿಂದಾಗಿ ತಟ್ಟೆಯ ಕೆಳಗಿನ ನೆಲದಲ್ಲಿ ದಿಕ್ಕು ಬದಲಿಸುತ್ತಲೇ ಇರುವ ಒಂದು ಕಾಂತಕ್ಷೇತ್ರ ಹರಡಿಕೊಳ್ಳುತ್ತದೆ. ಒಂದು ಸೆಕೆಂಡಿನಲ್ಲಿ ಈ ಹೋಗಿಬರುವ ಸುತ್ತು ಎಷ್ಟು ಬಾರಿ ನಡೆಯುತ್ತದೆಯೋ ಅದೇ ಆವರ್ತಾಂಕ, ಅಂದರೆ ಮಾತಿನಲ್ಲಿ ನಾವು ಹೇಳುವ ಫ್ರೀಕ್ವೆನ್ಸಿ. ಒಂದು ಕಿಲೋಹರ್ಟ್ಜ್ ಎಂದರೆ ಸೆಕೆಂಡಿಗೆ ಸಾವಿರ ಸುತ್ತು.

ಬದಲಾಗುತ್ತಿರುವ ಕಾಂತಕ್ಷೇತ್ರವು ಲೋಹದೊಳಗೆ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದರು. ಹೊಳೆಯ ನೀರಿನಲ್ಲಿ ಏಳುವ ಸುಳಿಯಂತೆ ಲೋಹದೊಳಗೆ ಸುತ್ತುವ ಈ ವಿದ್ಯುತ್ತನ್ನು ಸುಳಿ ವಿದ್ಯುತ್ ಎನ್ನುತ್ತಾರೆ. ನಮ್ಮ ಅಡುಗೆಮನೆಯ ಇಂಡಕ್ಷನ್ ಒಲೆ ಪಾತ್ರೆಯನ್ನು ಕಾಯಿಸುವುದೂ ಇದರಿಂದಲೇ. ಅಲ್ಲಿ ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ಕ್ಷೇತ್ರವು ಪಾತ್ರೆಯ ತಳದಲ್ಲಿ ಸುಳಿ ವಿದ್ಯುತ್ತನ್ನೆಬ್ಬಿಸಿ ಬಿಸಿ ಮಾಡುತ್ತದೆ. ಲೋಹಶೋಧಕದಲ್ಲಿ ಶಕ್ತಿ ತೀರಾ ಕಡಿಮೆಯಾದ್ದರಿಂದ ಉಂಗುರ ಬಿಸಿಯಾಗುವುದಿಲ್ಲ. ಆದರೆ ಉಂಗುರದಲ್ಲಿ ಎದ್ದ ಸುಳಿ ತನ್ನದೇ ಆದ ಒಂದು ಪುಟ್ಟ ಕಾಂತಕ್ಷೇತ್ರವನ್ನು ಹೊರಸೂಸುತ್ತದೆ, ತಟ್ಟೆಯ ಎರಡನೆಯ ಸುರುಳಿ ಅದನ್ನು ಹಿಡಿಯುತ್ತದೆ, ಯಂತ್ರ ಸದ್ದು ಮಾಡುತ್ತದೆ.

ಚಿನ್ನಕ್ಕೆ ತನ್ನದೇ ಆದ ಆವರ್ತಾಂಕ ಇಲ್ಲ

ಇಲ್ಲೊಂದು ತಪ್ಪು ಕಲ್ಪನೆಯನ್ನು ಆರಂಭದಲ್ಲೇ ತೆಗೆದುಹಾಕಬೇಕು. ಪ್ರತಿ ಲೋಹಕ್ಕೂ ಒಂದೊಂದು ನಿಶ್ಚಿತ ಆವರ್ತಾಂಕವಿದೆ, ರೇಡಿಯೊ ನಿಲ್ದಾಣಕ್ಕೆ ಮುಳ್ಳು ತಿರುಗಿಸಿದಂತೆ ‘ಚಿನ್ನದ ಆವರ್ತಾಂಕ’ಕ್ಕೆ ಹೊಂದಿಸಿದರೆ ಯಂತ್ರ ಚಿನ್ನವನ್ನು ಮಾತ್ರ ತೋರಿಸುತ್ತದೆ ಎಂದು ಹೇಳಿ, ದೂರದಿಂದಲೇ ನಿಧಿ ತೋರಿಸುವ ಆಂಟೆನಾ ಕಡ್ಡಿಗಳನ್ನು ಮಾರುವವರಿದ್ದಾರೆ. ನೆಲದಲ್ಲಿ ಬಿದ್ದಿರುವ ಚಿನ್ನ ಯಾವ ತರಂಗವನ್ನೂ ತಾನಾಗಿ ಹೊರಸೂಸುವುದಿಲ್ಲ. ಲೋಹಶೋಧಕದ ಕಿಲೋಹರ್ಟ್ಜ್ ವ್ಯಾಪ್ತಿಯಲ್ಲಿ ಅದಕ್ಕೆಂದೇ ಮೀಸಲಾದ ಸಂಖ್ಯೆಯೂ ಇಲ್ಲ. ಇಂಥ ಮೋಸ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಕರಣ ಸಾಕ್ಷಿಯಾಗಿದೆ. ಬಾಂಬು ಪತ್ತೆ ಯಂತ್ರವೆಂದು ಇರಾಕಿಗೆ ಮಾರಲಾಗಿದ್ದ ಎಡಿಇ 651 ಎಂಬ ಸಾಧನದ ಮೂಲ, ಗಾಲ್ಫ್ ಚೆಂಡು ಹುಡುಕುವುದೆಂದು ಹೇಳಿ ಮಾರುತ್ತಿದ್ದ ಒಂದು ಪೊಳ್ಳು ಆಟಿಕೆ. ಅದನ್ನು ಮಾರಿದ ಜೇಮ್ಸ್ ಮೆಕಾರ್ಮಿಕ್‌ಗೆ 2013ರಲ್ಲಿ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು.

ನಿಜವಾದ ಲೋಹಶೋಧಕ ಗುರುತಿಸುವುದು ಲೋಹದ ಹೆಸರನ್ನಲ್ಲ. ಅದಕ್ಕೆ ತಿಳಿಯುವುದು ಒಂದೇ ವಿಷಯ: ತನ್ನ ಕೆಳಗಿರುವ ವಸ್ತುವಿನಲ್ಲಿ ಸುಳಿ ವಿದ್ಯುತ್ ಎಷ್ಟು ಬಲವಾಗಿ ಎದ್ದಿತು, ಎಷ್ಟು ತಡವಾಗಿ ಮರುದನಿ ಕೊಟ್ಟಿತು ಎಂಬುದು. ಅದನ್ನು ನಿರ್ಧರಿಸುವುದು ವಸ್ತುವಿನ ಗಾತ್ರ, ದಪ್ಪ, ಆಕಾರ ಮತ್ತು ವಿದ್ಯುತ್ ವಾಹಕತೆ, ಇವೆಲ್ಲ ಸೇರಿ.

ದೇವಸ್ಥಾನದ ಗಂಟೆ, ಕಾಲಿನ ಗೆಜ್ಜೆ

ದೇವಸ್ಥಾನದ ಕಂಚಿನ ಗಂಟೆಯನ್ನು ಒಮ್ಮೆ ಬಾರಿಸಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಗೆಜ್ಜೆಯ ಒಂದು ಕಾಳನ್ನು ಅಲ್ಲಾಡಿಸಿದರೆ ಸದ್ದು ಹುಟ್ಟಿದ ಕ್ಷಣದಲ್ಲೇ ಅಡಗುತ್ತದೆ. ಸುಳಿ ವಿದ್ಯುತ್ತಿನಲ್ಲೂ ಇಂಥದೇ ವ್ಯತ್ಯಾಸವಿದೆ. ದಪ್ಪನೆಯ ಬೆಳ್ಳಿ ನಾಣ್ಯದಲ್ಲಿ ಎದ್ದ ಸುಳಿ ಬಹುಕಾಲ ಉಳಿಯುತ್ತದೆ, ಏಕೆಂದರೆ ಅದು ಸುತ್ತುವ ದಾರಿ ದೊಡ್ಡದು, ತಡೆ ಕಡಿಮೆ. ತೆಳುವಾದ ಮೂಗುತಿಯಲ್ಲಿ ದಾರಿ ಕಿರಿದು. ಸುಳಿ ಎದ್ದೊಡನೆ ಅಡಗುತ್ತದೆ. ಇಲ್ಲಿ ‘ಬಹುಕಾಲ’ ಎಂದರೂ ಸೆಕೆಂಡಿನ ಹತ್ತು ಸಾವಿರದ ಒಂದು ಭಾಗದಷ್ಟು ಅಲ್ಪಾವಧಿ ಎಂಬುದನ್ನು ನೆನಪಿಡಬೇಕು.

ಕ್ಷಣದಲ್ಲಿ ಅಡಗುವ ಗೆಜ್ಜೆಯ ಸದ್ದು ನಿರಂತರವಾಗಿ ಕೇಳಬೇಕಾದರೆ ಅದನ್ನು ಬೇಗ ಬೇಗ ಅಲ್ಲಾಡಿಸುತ್ತಿರಬೇಕು. ಹಾಗೆಯೇ ಬೇಗ ಅಡಗುವ ಸುಳಿಯಿಂದ ಬಲವಾದ ಮರುದನಿ ಪಡೆಯಲು ಕಾಂತಕ್ಷೇತ್ರ ಬೇಗ ಬೇಗ ಬದಲಾಗಬೇಕು, ಅಂದರೆ ಆವರ್ತಾಂಕ ಹೆಚ್ಚಿರಬೇಕು. ಸಣ್ಣ, ತೆಳು ಒಡವೆಗೆ ಹೆಚ್ಚಿನ ಕಿಲೋಹರ್ಟ್ಜ್ ಬೇಕೆನ್ನುವುದಕ್ಕೆ ಪೂರ್ತಿ ಕಾರಣ ಇಷ್ಟೇ.

ಇದನ್ನು ಅಂಕಿಗಳಲ್ಲಿ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಪ್ರತಿ ವಸ್ತುವಿಗೂ ಒಂದು ತಿರುವಿನ ಆವರ್ತಾಂಕವಿರುತ್ತದೆ. ಅದಕ್ಕಿಂತ ಕೆಳಗೆ ಮರುದನಿ ಕ್ಷೀಣ, ಅದನ್ನು ದಾಟಿದ ಮೇಲೆ ಮರುದನಿ ತನ್ನ ಗರಿಷ್ಠ ಮಟ್ಟಕ್ಕೆ ಸಮೀಪಿಸಿ ಅಲ್ಲೇ ನಿಲ್ಲುತ್ತದೆ. ಒಂದು ಮೂಗುತಿಯ ತಿರುವು 50 ಕಿಲೋಹರ್ಟ್ಜ್ ಎಂದೂ ಒಂದು ದೊಡ್ಡ ಬೆಳ್ಳಿ ನಾಣ್ಯದ ತಿರುವು 2 ಕಿಲೋಹರ್ಟ್ಜ್ ಎಂದೂ ಉದಾಹರಣೆಗಾಗಿ ಇಟ್ಟುಕೊಳ್ಳೋಣ. 5 ಕಿಲೋಹರ್ಟ್ಜ್ ಯಂತ್ರಕ್ಕೆ ಮೂಗುತಿಯಿಂದ ಬರುವ ಮರುದನಿ ಅದರ ಗರಿಷ್ಠದ ಶೇ. 10ರಷ್ಟು ಮಾತ್ರ. 15 ಕಿಲೋಹರ್ಟ್ಜ್‌ನಲ್ಲಿ ಅದು ಶೇ. 29ಕ್ಕೆ, 40ರಲ್ಲಿ ಶೇ. 62ಕ್ಕೆ ಏರುತ್ತದೆ. ಬೆಳ್ಳಿ ನಾಣ್ಯವಾದರೋ 5 ಕಿಲೋಹರ್ಟ್ಜ್‌ನಲ್ಲೇ ಶೇ. 93ರಷ್ಟು ಮರುದನಿ ಕೊಟ್ಟುಬಿಟ್ಟಿರುತ್ತದೆ. 40ಕ್ಕೆ ಏರಿಸಿದರೂ ಅದಕ್ಕೆ ಸಿಗುವ ಲಾಭ ಅತ್ಯಲ್ಪ. ಕಡಿಮೆ ಆವರ್ತಾಂಕದ ಯಂತ್ರಗಳು ಹಳೆಯ ನಾಣ್ಯಗಳನ್ನು ಚೆನ್ನಾಗಿ ಹಿಡಿದು ಸಣ್ಣ ಒಡವೆಗಳನ್ನು ದಾಟಿ ಹೋಗುವುದು ಇದರಿಂದಲೇ.

ಒಡವೆಯಿಂದ ಒಡವೆಗೆ ವ್ಯತ್ಯಾಸ

ಚಿನ್ನವು ಬೆಳ್ಳಿ, ತಾಮ್ರಗಳ ನಂತರ ಅತ್ಯುತ್ತಮ ವಿದ್ಯುತ್ ವಾಹಕ. ಆದರೆ ಈ ಮಾತು ಅಪರಂಜಿಗೆ ಮಾತ್ರ ಹೊಂದುತ್ತದೆ. ಒಡವೆಯ ಮೇಲೆ 22ಕೆ916 ಎಂಬ ಹಾಲ್‌ಮಾರ್ಕ್ ಇದ್ದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಮುಂತಾದವು. ಶೇ. 8ರಷ್ಟು ಬೆರಕೆಯಾದರೆ ವಾಹಕತೆಯೂ ಶೇ. 8ರಷ್ಟೇ ಇಳಿಯಬೇಕೆಂದು ತೋರುವುದು ಸಹಜ. ವಾಸ್ತವದಲ್ಲಿ ಅದು ಹಲವು ಪಟ್ಟು ಹೆಚ್ಚು ಇಳಿಯುತ್ತದೆ. ಒಂದೇ ಅಳತೆಯ ಪರಮಾಣುಗಳ ಸಾಲಿನಲ್ಲಿ ಬೇರೆ ಅಳತೆಯ ಪರಮಾಣುಗಳು ಅಲ್ಲಲ್ಲಿ ಸೇರಿಕೊಂಡಾಗ, ಗದ್ದೆಯ ಕಾಲುವೆಯಲ್ಲಿ ಅಡ್ಡಾದಿಡ್ಡಿ ಕಲ್ಲು ಬಿದ್ದಂತೆ, ಎಲೆಕ್ಟ್ರಾನುಗಳ ಹರಿವು ಎಡವುತ್ತಾ ಸಾಗುತ್ತದೆ. 18 ಕ್ಯಾರೆಟ್‌ನ ವಜ್ರದ ಉಂಗುರಗಳಲ್ಲಿ ಬೆರಕೆ ಕಾಲುಭಾಗ. ನಿಕ್ಕಲ್ ಅಥವಾ ಪಲ್ಲಾಡಿಯಂ ಬೆರೆಸಿದ ಬಿಳಿ ಚಿನ್ನದ ವಾಹಕತೆಯಂತೂ ತುಂಬ ಕಡಿಮೆ.

ಆದರೂ ಬೆರಕೆಗಿಂತ ಆಕಾರದ ಪ್ರಭಾವವೇ ಹೆಚ್ಚೆಂದು ಹೇಳಬೇಕು. ಬೆಸುಗೆ ಕೂಡಿದ ಉಂಗುರ ಸುಳಿ ವಿದ್ಯುತ್ತಿಗೆ ಹೇಳಿ ಮಾಡಿಸಿದ ದಾರಿ, ಏಕೆಂದರೆ ಅದು ಸ್ವತಃ ಒಂದು ಸುತ್ತಿನ ಸುರುಳಿ. ಅದೇ ಉಂಗುರ ಅಗಲ ಮಾಡಿಸಲೆಂದು ಕತ್ತರಿಸಿ ಬಾಯಿ ಬಿಟ್ಟಿದ್ದರೆ ಸುತ್ತು ಹರಿದು, ಮರುದನಿ ಬಹಳ ಕುಗ್ಗುತ್ತದೆ. ತೂಕ ಒಂದೇ, ಚಿನ್ನ ಒಂದೇ, ಯಂತ್ರಕ್ಕೆ ಕೇಳುವ ಸದ್ದು ಮಾತ್ರ ಬೇರೆ. ಸಾಧಾರಣ ದಪ್ಪದ ಮುಚ್ಚಿದ ಉಂಗುರವನ್ನು 10ರಿಂದ 20 ಕಿಲೋಹರ್ಟ್ಜ್‌ನ ಯಂತ್ರ ನೆಮ್ಮದಿಯಿಂದ ಹಿಡಿಯುತ್ತದೆ. ಬಳೆ, ಕಡಗಗಳು ಇನ್ನೂ ಸುಲಭ.

ಸರದ ವಿಷಯ ಬಂದಾಗ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ. ಹದಿನಾರು ಗ್ರಾಂ ತೂಗುವ ಸರ ನಾಲ್ಕು ಗ್ರಾಂ ಉಂಗುರಕ್ಕಿಂತ ನಾಲ್ಕು ಪಟ್ಟು ಜೋರಾಗಿ ಸದ್ದು ಮಾಡಬೇಕಲ್ಲವೇ? ಹಾಗಾಗುವುದಿಲ್ಲ. ಒಂದು ಕೊಂಡಿಗೂ ಇನ್ನೊಂದಕ್ಕೂ ನಡುವಿನ ಸ್ಪರ್ಶ ಸಡಿಲವಾಗಿರುವುದರಿಂದ ವಿದ್ಯುತ್ತು ಇಡೀ ಸರದಲ್ಲಿ ಸುತ್ತಲಾರದು. ಒಂದೊಂದು ಪುಟ್ಟ ಕೊಂಡಿಯೊಳಗೂ ಒಂದೊಂದು ಪುಟ್ಟ ಸುಳಿ ಎದ್ದು ಅಡಗುತ್ತದೆ. ಯಂತ್ರದ ದೃಷ್ಟಿಯಲ್ಲಿ ಅದು ಸರವಲ್ಲ, ನೂರಾರು ಸಾಸಿವೆ ಕಾಳು. ಹಲವು ಬಾರಿ ಸರ ಸಿಗುವುದು ಅದರ ಕೊಕ್ಕೆ ಅಥವಾ ಪದಕದ ಸದ್ದಿನಿಂದ. ಕರಿಮಣಿ ಸರಕ್ಕೂ ಇದೇ ನ್ಯಾಯ: ಕರಿಮಣಿ ಗಾಜಿನದು, ನಡುನಡುವಿನ ಚಿನ್ನದ ಗುಂಡುಗಳು ಟೊಳ್ಳು ಮತ್ತು ಪುಟ್ಟವು. ಅದರಲ್ಲಿ ಯಂತ್ರಕ್ಕೆ ಆಧಾರವಾಗುವುದು ಬಟ್ಟಲಿನಂತಿರುವ ತಾಳಿ, ಏಕೆಂದರೆ ಅದು ಬಿರುಕಿಲ್ಲದ ಅಗಲ ತಗಡು. ಆದ್ದರಿಂದ ಹರಿದ ಕರಿಮಣಿಯನ್ನು ಹುಡುಕುವವರು ತಾಳಿಯನ್ನು ಹುಡುಕುತ್ತಿದ್ದೇವೆಂದು ತಿಳಿದು ಹೊರಡುವುದು ಒಳ್ಳೆಯದು. ಮೂಗುತಿ, ಓಲೆಯ ತಿರುಪು, ತೆಳು ಸರ ಇವುಗಳಿಗೆ 40 ಕಿಲೋಹರ್ಟ್ಜ್‌ನ ಆಸುಪಾಸು ಅಥವಾ ಅದಕ್ಕಿಂತ ಮೇಲಿನ ಆವರ್ತಾಂಕ ನಿಜವಾಗಿಯೂ ನೆರವಾಗುತ್ತದೆ.

ಹಾಗಿದ್ದರೆ 71 ಕಿಲೋಹರ್ಟ್ಜ್ ಯಂತ್ರವನ್ನೇ ತಂದು ಎಲ್ಲವನ್ನೂ ಹುಡುಕಬಾರದೇಕೆ?

ಬಿದ್ದ ಜಾಗವೇ ಅರ್ಧ ನಿರ್ಧರಿಸುತ್ತದೆ

1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಗುಂಡೇಟಿಗೆ ಒಳಗಾದಾಗ, ದೇಹದಲ್ಲಿ ಹುದುಗಿದ್ದ ಗುಂಡನ್ನು ಪತ್ತೆ ಮಾಡಲು ಟೆಲಿಫೋನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ವದ ಸಾಧನವೊಂದನ್ನು ತಂದರು. ಸಾಧನ ಕೆಲಸ ಮಾಡುತ್ತಿತ್ತು, ಆದರೆ ಗುಂಡು ಸಿಗಲಿಲ್ಲ. ವೈದ್ಯರು ಬಲಭಾಗದಲ್ಲಿ ಮಾತ್ರ ಹುಡುಕಲು ಬಿಟ್ಟಿದ್ದರು, ಗುಂಡು ಎಡಕ್ಕಿತ್ತು. ಸಾಲದೆಂಬಂತೆ ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಸದ್ದನ್ನು ಕಲಕಿದವು. ಹುಡುಕುವ ವಸ್ತುವಿನಷ್ಟೇ ಅದರ ಸುತ್ತಲಿನದೂ ಮುಖ್ಯ ಎಂಬ ಕಷ್ಟ ಲೋಹಶೋಧಕದ ಹುಟ್ಟಿನೊಂದಿಗೇ ಬಂದದ್ದು.

ಕಡಲತೀರದಲ್ಲಿ ಆ ಕಷ್ಟದ ಹೆಸರು ಉಪ್ಪು. ಉಪ್ಪುನೀರು ಲೋಹವಲ್ಲದಿದ್ದರೂ ವಿದ್ಯುತ್ತನ್ನು ಹರಿಯಗೊಡುತ್ತದೆ, ಆದರೆ ಲೋಹಕ್ಕಿಂತ ಬಹಳ ಕ್ಷೀಣವಾಗಿ. ಸುಳಿ ಏಳುತ್ತಲೇ ಅಡಗುವ ಸ್ವಭಾವ ಅದರದು. ಅಂದರೆ ನಮ್ಮ ಮೂಗುತಿಯ ಸ್ವಭಾವವೇ. ಮೂಗುತಿಯ ಮರುದನಿ ಹೆಚ್ಚಲೆಂದು ನಾವು ಆವರ್ತಾಂಕವನ್ನು ಏರಿಸುತ್ತಾ ಹೋದಂತೆ ಒದ್ದೆ ಮರಳಿನ ಮರುದನಿಯೂ ಜೊತೆಜೊತೆಗೆ ಏರುತ್ತದೆ. ಮೂಗುತಿ ಎಳ್ಳುಕಾಳಿನಷ್ಟು, ಒದ್ದೆ ಮರಳು ಕಣ್ಣಿಗೆ ಕಾಣುವಷ್ಟು ದೂರ. ಚಿನ್ನದ ಗಟ್ಟಿ ಹುಡುಕಲೆಂದೇ ಮಾಡಿದ ಹೆಚ್ಚಿನ ಆವರ್ತಾಂಕದ ಯಂತ್ರವನ್ನು ಅಲೆ ಬಂದು ಹೋಗುವ ಜಾಗದಲ್ಲಿ ಹಿಡಿದರೆ ಅದು ನಿಲ್ಲದೆ ಕೂಗುತ್ತಿರುತ್ತದೆ. ಅದು ಯಂತ್ರದ ದೋಷವಲ್ಲ. ಒಣನೆಲಕ್ಕೆಂದು ಮಾಡಿದ್ದನ್ನು ಉಪ್ಪುನೀರಿಗೆ ಒಯ್ದದ್ದು.

ನೆಲದ ಕಬ್ಬಿಣ ಎರಡನೆಯ ತೊಡಕು. ಕಾರವಾರದ ತಿಳಮಾತಿ ಕಡಲತೀರದ ಎಳ್ಳಿನಂಥ ಕರಿಮರಳನ್ನು ನೋಡಿದವರಿದ್ದಾರೆ. ಬೇರೆಡೆಯೂ ಅಲೆಗಳು ಕರಿಮರಳಿನ ಪಟ್ಟಿಗಳನ್ನು ಬಿಟ್ಟುಹೋಗುವುದುಂಟು, ಅವುಗಳಲ್ಲಿ ಕಬ್ಬಿಣದ ಖನಿಜಗಳಿರಬಹುದು. ಕರಾವಳಿ, ಮಲೆನಾಡುಗಳ ಜಂಬಿಟ್ಟಿಗೆ ಮಣ್ಣಿನ ಕೆಂಪು ಬಣ್ಣಕ್ಕೆ ಕಾರಣವೂ ಕಬ್ಬಿಣದ ಆಕ್ಸೈಡುಗಳೇ. ಇಂಥ ನೆಲದಲ್ಲಿ ಬಳಸಲೆಂದು ಯಂತ್ರಗಳಲ್ಲಿ ಗ್ರೌಂಡ್ ಬ್ಯಾಲೆನ್ಸ್ ಎಂಬ ವ್ಯವಸ್ಥೆಯಿರುತ್ತದೆ. ಒಡವೆ ಬಿದ್ದಿರದ ಜಾಗದಲ್ಲಿ ತಟ್ಟೆಯನ್ನು ಮೇಲೆ ಕೆಳಗೆ ಆಡಿಸಿ, ‘ಈ ನೆಲದ ಸದ್ದು ಇದು, ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ’ ಎಂದು ಯಂತ್ರಕ್ಕೆ ಕಲಿಸುವ ಕ್ರಮ ಅದು. ತಕ್ಕಡಿಯಲ್ಲಿ ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿಕೊಂಡಂತೆ.

ಆದರೆ ಒಂದೇ ಆವರ್ತಾಂಕದ ಯಂತ್ರ ಉಪ್ಪು ಮತ್ತು ಕಬ್ಬಿಣದ ಮರಳು ಎರಡನ್ನೂ ಏಕಕಾಲಕ್ಕೆ ಸೊನ್ನೆ ಮಾಡಿಕೊಳ್ಳಲಾರದು, ಏಕೆಂದರೆ ಅವೆರಡರ ಮರುದನಿಯ ತಡ ಬೇರೆ ಬೇರೆ. ಇಲ್ಲಿಯೇ ಬಹು ಆವರ್ತಾಂಕದ ಯಂತ್ರ ಬೆಲೆ ಬಾಳುವುದು. ಅದು ಕಡಿಮೆ ಮತ್ತು ಹೆಚ್ಚಿನ ಆವರ್ತಾಂಕಗಳನ್ನು ಒಟ್ಟಿಗೇ ಕಳುಹಿಸಿ, ಬಂದ ಉತ್ತರಗಳನ್ನು ಹೋಲಿಸುತ್ತದೆ. ಉಪ್ಪಿನ ಮರುದನಿ ಆವರ್ತಾಂಕದೊಂದಿಗೆ ಒಂದು ರೀತಿಯಲ್ಲಿ ಏರುತ್ತದೆ, ಉಂಗುರದ್ದು ಇನ್ನೊಂದು ರೀತಿಯಲ್ಲಿ. ಆ ವ್ಯತ್ಯಾಸವನ್ನು ಹಿಡಿದು ಉಪ್ಪಿನ ಪಾಲನ್ನು ಕಳೆಯುತ್ತದೆ. ಹೀಗೆ ಕಳೆಯುವಾಗ ಉಪ್ಪಿನಂತೆಯೇ ವರ್ತಿಸುವ ಅತಿ ತೆಳು ಸರದ ಪಾಲೂ ಸ್ವಲ್ಪ ಕಳೆದುಹೋಗುವುದುಂಟು ಎಂಬುದನ್ನು ಮರೆಯಬಾರದು. ಒದ್ದೆ ಮರಳಿನಲ್ಲಿ ತೆಳು ಸರ ಸಿಗುವುದು ಎಲ್ಲ ಯಂತ್ರಗಳಿಗೂ ಕಷ್ಟ.

ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆಯ ಯಂತ್ರವಿದೆ. ಅದು ನಿರಂತರವಾಗಿ ಕಳುಹಿಸದೆ ಒಂದು ಬಡಿತ ಕೊಟ್ಟು ನಿಲ್ಲಿಸಿ, ಸುಮಾರು 10 ಮೈಕ್ರೋಸೆಕೆಂಡು ಕಾದು, ಆಮೇಲೆ ಕಿವಿಗೊಡುತ್ತದೆ. ಅಷ್ಟರಲ್ಲಿ ಉಪ್ಪಿನ ಸುಳಿ ಅಡಗಿರುತ್ತದೆ, ದಪ್ಪ ಉಂಗುರದ್ದು ಇನ್ನೂ ಉಳಿದಿರುತ್ತದೆ. ನಮ್ಮ ಉದಾಹರಣೆಯ ಮೂಗುತಿಯ ಸುಳಿಯಾದರೋ 3 ಮೈಕ್ರೋಸೆಕೆಂಡಿನಲ್ಲೇ ಮೂರನೆಯ ಒಂದು ಭಾಗದ ಹತ್ತಿರಕ್ಕೆ ಇಳಿದು, ಯಂತ್ರ ಕಿವಿಗೊಡುವ ಹೊತ್ತಿಗೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಆಳದ ಉಂಗುರಕ್ಕೆ ಇದು ಒಳ್ಳೆಯದು; ಆದರೆ ಕಬ್ಬಿಣದ ಮೊಳೆಯನ್ನೂ ಚಿನ್ನವನ್ನೂ ಬೇರ್ಪಡಿಸುವುದರಲ್ಲಿ ಹಿಂದುಳಿಯುತ್ತದೆ.

ಮಾರುಕಟ್ಟೆಯ ಸಂಖ್ಯೆಗಳನ್ನು ಓದುವ ಬಗೆ

ಇಷ್ಟು ತಿಳಿದ ಮೇಲೆ ಪೆಟ್ಟಿಗೆಯ ಮೇಲಿನ ಸಂಖ್ಯೆ ತಾನಾಗಿ ಅರ್ಥ ಕೊಡುತ್ತದೆ. ಗ್ಯಾರೆಟ್ ಕಂಪನಿಯ ಏಸ್ 250 ಮಾದರಿ 6.5 ಕಿಲೋಹರ್ಟ್ಜ್‌ನದು, ನಾಣ್ಯ, ಬಳೆ, ದಪ್ಪ ಉಂಗುರಕ್ಕೆ ಸಾಕು, ತೆಳು ಒಡವೆಗೆ ಸಾಲದು. ಅದೇ ಕಂಪನಿಯ ಎಟಿ ಪ್ರೊ 15 ಕಿಲೋಹರ್ಟ್ಜ್‌ನದು, ಎಟಿ ಗೋಲ್ಡ್ 18ರದು. ಒಣನೆಲದಲ್ಲಿ ಉಂಗುರ ಹುಡುಕಲು ಇವು ಹದವಾದ ನಡುದಾರಿ. ಮೈನ್‌ಲ್ಯಾಬ್‌ನ ಗೋಲ್ಡ್ ಮಾನ್ಸ್ಟರ್ 1000 ಎಂಬುದು 45, ಫಿಷರ್‌ನ ಗೋಲ್ಡ್ ಬಗ್ 2 ಎಂಬುದು 71 ಕಿಲೋಹರ್ಟ್ಜ್‌ನವು. ಇವೆರಡೂ ಒಣ ಪ್ರದೇಶಗಳಲ್ಲಿ ಸ್ವಾಭಾವಿಕ ಚಿನ್ನದ ಚೂರುಗಳನ್ನು ಹುಡುಕುವವರಿಗೆಂದು ಹುಟ್ಟಿದವು. ಮನೆಯಂಗಳದಲ್ಲೋ ಒಣ ಹೊಲದಲ್ಲೋ ಮೂಗುತಿ ಕಳೆದಿದ್ದರೆ ಇಂಥದು ಸರಿಹೋಗುತ್ತದೆ. ಹೆಸರಿನಲ್ಲಿ ‘ಗೋಲ್ಡ್’ ಇದೆಯೆಂದು ಕಡಲಿಗೆ ಒಯ್ಯಬಾರದು. ಮೈನ್‌ಲ್ಯಾಬ್‌ನ ಈಕ್ವಿನಾಕ್ಸ್ 800 ಮಾದರಿಯಲ್ಲಿ 5, 10, 15, 20, 40 ಕಿಲೋಹರ್ಟ್ಜ್‌ಗಳನ್ನು ಬಿಡಿಯಾಗಿಯೂ ಬಳಸಬಹುದು, ಬಹು ಆವರ್ತಾಂಕವಾಗಿಯೂ ಬಳಸಬಹುದು. ಕಡಲತೀರದಲ್ಲಿ ಕಳೆದ ಒಡವೆಗೆ ಇಂಥ ಯಂತ್ರವನ್ನೇ ಬಾಡಿಗೆಗೆ ತರುವುದು ಲೇಸೆಂಬುದು ನನ್ನ ಖಚಿತ ಅಭಿಪ್ರಾಯ.

ಆವರ್ತಾಂಕಕ್ಕೆ ಹೊಂದಿಕೊಂಡ ಇನ್ನೊಂದು ಆಯ್ಕೆ ತಟ್ಟೆಯ ಗಾತ್ರ. ಸಣ್ಣ ಒಡವೆಗೆ ಆರು ಇಂಚಿನ ಆಸುಪಾಸಿನ ತಟ್ಟೆ, ವಿಸ್ತಾರವಾದ ಮರಳಿಗೆ ಹನ್ನೊಂದು ಇಂಚಿನದು. ಆಳದ ಬಗ್ಗೆ ಜಾಹೀರಾತುಗಳು ಏನೇ ಹೇಳಲಿ, ಹೋಗುವ ಕ್ಷೇತ್ರವೂ ಬರುವ ಮರುದನಿಯೂ ದೂರ ಹೆಚ್ಚಿದಂತೆ ಕುಗ್ಗುವುದರಿಂದ, ತಟ್ಟೆಯ ಅಳತೆಯನ್ನು ಮೀರಿದ ದೂರದಲ್ಲಿ ಆಳ ಇಮ್ಮಡಿಯಾದರೆ ಸದ್ದು ಸುಮಾರು 64ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಉಂಗುರವೊಂದು ಒಂದು ಗೇಣು ಆಳದಲ್ಲಿ ಸಿಕ್ಕಿತೆಂದರೆ ಯಂತ್ರ ಚೆನ್ನಾಗಿ ಕೆಲಸ ಮಾಡಿದೆ ಎಂದೇ ಅರ್ಥ.

ಚಿನ್ನವೂ ಮಾತ್ರೆಯ ಹಾಳೆಯೂ ಒಂದೇ ಸಂಖ್ಯೆ

ಯಂತ್ರದ ಪರದೆಯ ಮೇಲೆ ಮೂಡುವ ಗುರುತಿನ ಸಂಖ್ಯೆ ಮರುದನಿಯ ತಡವನ್ನು ಹೇಳುತ್ತದೆಯೇ ಹೊರತು ಲೋಹದ ಬೆಲೆಯನ್ನಲ್ಲ. ಅಲ್ಯುಮಿನಿಯಂ ಒಳ್ಳೆಯ ವಾಹಕ, ಆದರೆ ಹಾಳೆಯಾದಾಗ ತೆಳು. ಬೆರಕೆ ಚಿನ್ನ ಸಾಧಾರಣ ವಾಹಕ, ಆದರೆ ಉಂಗುರವಾದಾಗ ದಪ್ಪ. ಎರಡರ ಲೆಕ್ಕವೂ ಒಂದೇ ಕಡೆ ಬಂದು ನಿಲ್ಲಬಹುದು. ಮಾತ್ರೆಯ ಸ್ಟ್ರಿಪ್ಪಿನ ತುಂಡು, ಡಬ್ಬಿ ಪಾನೀಯದ ಕಿವಿ, ಚಾಕೊಲೇಟಿನ ಹಾಳೆ ಇವೆಲ್ಲ ಉಂಗುರದ ವೇಷದಲ್ಲೇ ಕಾಣಿಸಿಕೊಳ್ಳುತ್ತವೆ. ಕಸದ ಸದ್ದು ಬೇಡವೆಂದು ಆ ಸಂಖ್ಯೆಗಳನ್ನು ಅಡಗಿಸಿದರೆ ಉಂಗುರವೂ ಅಡಗುತ್ತದೆ. ಆವರ್ತಾಂಕ ಎಷ್ಟೇ ಸರಿಯಾಗಿರಲಿ, ಒಡವೆ ಹುಡುಕುವವರು ಅನುಮಾನದ ಸದ್ದುಗಳನ್ನೆಲ್ಲ ಅಗೆದು ನೋಡಲೇಬೇಕು.

ನೆಲಕ್ಕಿಳಿಯುವ ಮುನ್ನ, ಇಳಿದ ಮೇಲೆ

ನಮ್ಮದೇ ಒಡವೆಯನ್ನು ನಮ್ಮ ಹೊಲದಲ್ಲಿ ಹುಡುಕಲು ಯಾರ ಅಪ್ಪಣೆಯೂ ಬೇಡ. ಬೇರೆಯವರ ಜಾಗವಾದರೆ ಮಾಲೀಕರನ್ನು ಕೇಳಬೇಕು. ಹಂಪಿಯಂಥ ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ನಿಷೇಧಿಸುತ್ತದೆ. ಹುಡುಕುವಾಗ ನೆಲದಲ್ಲಿ ಹುದುಗಿದ್ದ ಹಳೆಯ ನಿಧಿ ಸಿಕ್ಕಿದರೆ, ಅದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ. ಇನ್ನೊಬ್ಬರು ಕಳೆದುಕೊಂಡ ಒಡವೆ ಸಿಕ್ಕಿದರೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದು ಸರಿಯಾದ ದಾರಿ.

ಕಡಲತೀರದಲ್ಲಿ ತಡ ಮಾಡಬಾರದು. ಮರಳಿನ ಕಣಕ್ಕಿಂತ ಚಿನ್ನ ಆರೇಳು ಪಟ್ಟು ಸಾಂದ್ರವಾದ್ದರಿಂದ ಅಲೆ ಕಲಕಿದಂತೆಲ್ಲ ಒಡವೆ ಕೆಳಗಿಳಿಯುತ್ತಾ ಗಟ್ಟಿ ಪದರದ ಕಡೆಗೆ ಸಾಗುತ್ತದೆ. ಇಳಿತದ ಹೊತ್ತಿಗೆ ಹೋಗಿ, ಜೇಬಿನ ಮೊಬೈಲನ್ನು ದೂರವಿಟ್ಟು, ಮೊದಲು ಒಂದು ಪರೀಕ್ಷೆ ಮಾಡಿ: ಕಳೆದದ್ದಕ್ಕೆ ಹೋಲುವ ಮನೆಯವರ ಉಂಗುರವೊಂದಕ್ಕೆ ಗಟ್ಟಿ ದಾರ ಕಟ್ಟಿ, ದಾರದ ತುದಿಯನ್ನು ಒಬ್ಬರು ಹಿಡಿದುಕೊಂಡು, ಅದೇ ಮರಳಿನಲ್ಲಿ ಅರ್ಧ ಗೇಣು ಹೂತು ತಟ್ಟೆಯನ್ನು ಆಡಿಸಿ ನೋಡಿ. ಯಾವ ಆವರ್ತಾಂಕದಲ್ಲಿ, ಎಷ್ಟು ಸೆನ್ಸಿಟಿವಿಟಿಯಲ್ಲಿ, ಅಂದರೆ ಯಂತ್ರದ ಸೂಕ್ಷ್ಮತೆಯ ಯಾವ ಮಟ್ಟದಲ್ಲಿ, ಸದ್ದು ನಿಚ್ಚಳವಾಗಿ ಕೇಳುತ್ತದೆಯೋ ಅದೇ ಆ ದಿನದ, ಆ ಜಾಗದ ಸರಿಯಾದ ಸಂಖ್ಯೆ. ಆಮೇಲೆ ಹುಡುಕುವ ಜಾಗವನ್ನು ಹಗ್ಗದಿಂದ ಪಟ್ಟಿಗಳಾಗಿ ಗುರುತಿಸಿ, ತಟ್ಟೆ ನೆಲಕ್ಕೆ ಸಮಾಂತರವಾಗಿ ಎರಡು ಬೆರಳು ಮೇಲಿರುವಂತೆ, ಪ್ರತಿ ಬೀಸು ಹಿಂದಿನ ಬೀಸನ್ನು ಅರ್ಧ ಆವರಿಸುವಂತೆ ನಿಧಾನವಾಗಿ ಸಾಗಬೇಕು. ಸದ್ದು ಬಂದ ಕಡೆ ಅಗೆದಾಗ ಮಾತ್ರೆಯ ಹಾಳೆ ಸಿಕ್ಕರೂ ಗುಂಡಿಯ ಮೇಲೆ ಮತ್ತೊಮ್ಮೆ ತಟ್ಟೆ ಆಡಿಸಬೇಕು, ಏಕೆಂದರೆ ಮೇಲಿನ ಹಾಳೆಯ ಸದ್ದು ಕೆಳಗಿನ ಉಂಗುರದ ಸದ್ದನ್ನು ಮುಚ್ಚಿರಬಹುದು. ಅದೂ ಮೌನವಾದ ಮೇಲೆಯೇ ಗುಂಡಿ ಮುಚ್ಚಿ ಮುಂದಿನ ಹೆಜ್ಜೆ ಇಡಬೇಕು.